ಎಕ್ಸಿಟ್ ಗಣಪ

ಉಗುಳುವವರ ಬಾಯಿ ಕಟ್ಟಲು ದೇವರನ್ನು ಕರೆತಂದವರಲ್ಲಿ ಸಂಪತ್ಕುಮಾರ ಮೊದಲಿಗನಲ್ಲ. ಒಂದು ಗೋಡೆ ಕಂಡರೆ ಅದರ ಮೇಲೆ ಎಲೆಅಡಿಕೆ ಉಗಿಯಬೇಕೆಂದು ಒಬ್ಬನಿಗೆ ಅನ್ನಿಸುತ್ತದೆ. ಅವನನ್ನು ತಡೆಯಲು ಅಲ್ಲೊಂದು ದೇವರ ಚಿತ್ರದ ಟೈಲ್ಸು ಅಂಟಿಸಬೇಕೆಂದು ಇನ್ನೊಬ್ಬನಿಗೆ ಅನ್ನಿಸುತ್ತದೆ. ನಮ್ಮ ಜಿಲ್ಲೆಯ ಅರ್ಧಕ್ಕರ್ಧ ಕಾಂಪೌಂಡುಗಳು ನಿಂತಿರುವುದೇ ಈ ಎರಡು ಅನ್ನಿಸಿಕೆಗಳ ನಡುವೆ. ಸಂಪತ್ಕುಮಾರನ ತಪ್ಪು ಇಷ್ಟೇ: ಅವನು ಗೋಡೆಯನ್ನು ಬಿಟ್ಟು ಬಾಗಿಲನ್ನು ಹಿಡಿದ.

ಆ ಬಾಗಿಲು ಇದ್ದದ್ದು ಚನ್ನರಾಯಪಟ್ಟಣದ ಹೊರಗೆ, ಕೀರ್ತಿರಾಜ್ ಅವರ ತೆಂಗಿನ ನಾರಿನ ಕಾರ್ಖಾನೆಯ ಹಿಂಭಾಗದಲ್ಲಿ. ಮುಂದುಗಡೆ ಲಾರಿ ನುಗ್ಗುವಷ್ಟು ದೊಡ್ಡ ಶಟರು. ಹಿಂದುಗಡೆ ಈ ಕಬ್ಬಿಣದ ಬಾಗಿಲು. ಒಣಗಿದ ನಾರು, ಗಾಳಿಯಲ್ಲೆಲ್ಲ ನಾರಿನ ಧೂಳು. ಒಂದು ಬೀಡಿಯ ತುದಿ ಸಾಕು. ಹಾಗೇನಾದರೂ ಆಗಿ ಮುಂದಿನ ದಾರಿ ಮುಚ್ಚಿಹೋದರೆ ಜನ ಹಿಂದಿನ ಬಾಗಿಲನ್ನು ತಳ್ಳಿಕೊಂಡು ಓಡಬೇಕೆಂಬುದು ಕಾನೂನು. ಓದು ಬಾರದವರಿಗೂ ತಿಳಿಯಲೆಂದು ಬಾಗಿಲ ನೆತ್ತಿಯ ಮೇಲಿನ ದೀಪದ ಫಲಕದಲ್ಲಿ ಒಬ್ಬ ಹಸಿರು ಮನುಷ್ಯ ಹಗಲೂ ರಾತ್ರಿ ಓಡುತ್ತಿದ್ದ. ಅವನ ಕೆಳಗೆ ಮಾತ್ರ ಯಾರೂ ಓಡುವಂತಿರಲಿಲ್ಲ. ನಾರಿನ ಕಟ್ಟುಗಳನ್ನು ಅವನ ಪಾದದವರೆಗೆ ಒಟ್ಟಿದ್ದರು. ಕಟ್ಟು ಇಲ್ಲದ ಕಡೆಯೆಲ್ಲ ಎಲೆಅಡಿಕೆಯ ಕೆಂಪು.

ಸಂಪತ್ಕುಮಾರ ಅಲ್ಲಿ ಸ್ಟೋರ್ ಕೀಪರ್. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ಕಾರ್ಖಾನೆಗೆ ಸುರಕ್ಷತೆ ನೋಡಿಕೊಳ್ಳುವ ಒಬ್ಬರು ಇರಲೇಬೇಕೆಂದು ಇಲಾಖೆಯವರು ಹೇಳಿದಾಗ, ಸ್ಟೋರಿನಲ್ಲಿ ಇವನಿಲ್ಲದಿದ್ದರೂ ನಡೆಯುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಕೀರ್ತಿರಾಜ್ ಇವನನ್ನು ಹಾಸನದ ತರಬೇತಿಗೆ ಕಳಿಸಿದರು. ಹೋಗುವಾಗ ಊಟದ ಡಬ್ಬಿ ಒಯ್ದಿದ್ದ. ಬರುವಾಗ ಮಿರುಗುವ ಪಟ್ಟಿಯ ಕಿತ್ತಳೆ ಜಾಕೀಟು, ಕೊರಳಿಗೆ ಶಿಳ್ಳೆ, ಮೂತಿಗೆ ಉಕ್ಕು ಕೂರಿಸಿದ ಭಾರದ ಬೂಟು.

"ಸದ್ಯಕ್ಕೆ ನೋಡ್ಕೊಳ್ಳಿ ಸಂಪತ್," ಎಂದರು ಕೀರ್ತಿರಾಜ್. "ಸುರಕ್ಷತಾ ಸಪ್ತಾಹಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಅವ್ರು ಚೆನ್ನಾಗಿದೆ ಅಂತ ಬರೆದ್ರೆ ನಿಮ್ಗೆ ಸೇಫ್ಟಿ ಆಫೀಸರ್ ಅಂತ ಆರ್ಡರ್ ಕೊಡ್ತೀನಿ, ಶಾಲು ಹೊದಿಸ್ತೀನಿ. ಇಲ್ದಿದ್ರೆ ಸ್ಟೋರು ಎಲ್ಲೂ ಓಡೋಗಲ್ಲ."

ಆರ್ಡರಿನವರೆಗೆ ಕಾಯುವ ತಾಳ್ಮೆ ಸಂಪತ್ಕುಮಾರನಿಗೆ ಎಲ್ಲಿಂದ ಬರಬೇಕು? ಆ ವಾರವೇ ಅರಕಲಗೂಡಿನಲ್ಲಿ ಹೆಂಡತಿ ಶರ್ವಾಣಿಯ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಜಾಕೀಟು ಹಾಕಿಕೊಂಡೇ ಹೋದ. ಅಡುಗೆಯವರ ಗ್ಯಾಸ್ ಸಿಲಿಂಡರ್ ಒಲೆಗೆ ಹತ್ತಿರವಿದೆಯೆಂದು ಶಿಳ್ಳೆ ಊದಿದ. ಅಡುಗೆಯವನು ಬೆಚ್ಚಿ ಸಾರಿಗೆ ಎರಡು ಸಲ ಉಪ್ಪು ಹಾಕಿದ. ಅಷ್ಟಕ್ಕೆ ನಿಲ್ಲದೆ, ಹೋಮಕುಂಡದ ಪಕ್ಕ ಮರಳಿನ ಬಕೆಟ್ ಇಲ್ಲವೆಂದು ಪುರೋಹಿತರ ಬಳಿ ತಕರಾರು ತೆಗೆದ. ಮಂತ್ರ ನಿಂತಿತು. ಆ ಮೌನದಲ್ಲಿ ಶರ್ವಾಣಿಯ ತಮ್ಮ ಕೇದಾರ್, ಮೊದಲೇ ಮಾತಿನ ಮಲ್ಲ, ಎದ್ದು ನಿಂತು ಕೈ ಮುಗಿದ.

"ಭಾವ, ಪೂರ್ಣಾಹುತಿಗೆ ಪರ್ಮಿಷನ್ ಕೊಡ್ತೀರಾ?"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಪುರೋಹಿತರೂ ನಕ್ಕರು. ಶರ್ವಾಣಿ ಸೆರಗಿನಿಂದ ಮುಖ ಒರೆಸಿಕೊಳ್ಳುವವಳಂತೆ ಮುಖ ಮುಚ್ಚಿಕೊಂಡಳು.

"ನಗು, ನಗು," ಎಂದ ಸಂಪತ್ಕುಮಾರ. ಕಿವಿಗಳು ಜಾಕೀಟಿನ ಬಣ್ಣಕ್ಕೆ ತಿರುಗಿದ್ದವು. "ಸಪ್ತಾಹಕ್ಕೆ ನಮ್ಮ ಫ್ಯಾಕ್ಟರಿಗೆ ಬಾ. ಇನ್ಸ್‌ಪೆಕ್ಟರ್ ಎದುರಿಗೆ ಶಾಲು ಹೊದಿಸ್ತಾರೆ. ಆಗ ನಗು."

"ಖಂಡಿತ ಬರ್ತೀನಿ ಭಾವ. ವಿಡಿಯೋನೂ ಮಾಡ್ಕೊಳ್ತೀನಿ."

ಹೀಗಾಗಿ ಹಿಂದಿನ ಬಾಗಿಲು ಇನ್ನು ಬರೀ ಬಾಗಿಲಾಗಿ ಉಳಿಯಲಿಲ್ಲ. ಸಂಪತ್ಕುಮಾರ ಮರುದಿನದಿಂದಲೇ ಶಿಳ್ಳೆ ಊದಿ ಊದಿ ನಾರಿನ ಕಟ್ಟು ತೆಗೆಸಿದ. ಬೆನ್ನು ತಿರುಗಿಸಿದರೆ ಮತ್ತೆ ಒಟ್ಟುತ್ತಿದ್ದರು. ಬಾಗಿಲ ಮುಂದೆ ನೆಲಕ್ಕೆ ಹಳದಿ ಬಣ್ಣದಲ್ಲಿ ಚೌಕ ಬರೆಸಿದ. ಆ ಚೌಕದೊಳಕ್ಕೆ ಗುರಿಯಿಟ್ಟು ಉಗಿಯುವುದು ಒಂದು ಆಟವಾಯಿತು. ಕೊನೆಗೆ ಪೇಟೆಯಿಂದ ಒಂದು ಗಣಪತಿಯ ಟೈಲ್ಸು ತಂದ. ಹಿಂದಿನ ಗೋಡೆ ಗಾರೆ ಕಾಣದ ಇಟ್ಟಿಗೆ, ಅಂಟು ಹಿಡಿಯಲಿಲ್ಲ. ಬಾಗಿಲಿಗೆ ಚೆನ್ನಾಗಿ ಹಿಡಿಯಿತು. ಬಾಗಿಲ ಮಧ್ಯಕ್ಕೇ ಅಂಟಿಸಿ, ಕೈ ಝಾಡಿಸಿ ನಿಂತ.

ಅದರ ಫಲವನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಸಂಜೆಯೊಳಗೆ ಉಗುಳು ನಿಂತಿತು. ಮಾರನೆಯ ದಿನ ನಾರಿನ ಕಟ್ಟುಗಳು ತಮ್ಮಷ್ಟಕ್ಕೆ ಕಾಲು ಬಂದಂತೆ ಪಕ್ಕಕ್ಕೆ ಸರಿದವು. ಯಾರೋ ಹಳದಿ ಚೌಕವನ್ನು ತೊಳೆದು ರಂಗೋಲಿ ಇಟ್ಟಿದ್ದರು.

"ಏನ್ ತಲೆ ಸಂಪತ್ ನಿಮ್ದು!" ಎಂದರು ಕೀರ್ತಿರಾಜ್. ಇಷ್ಟು ವರ್ಷಗಳಲ್ಲಿ ಅವನ ತಲೆಯ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲು.

ರಂಗೋಲಿ ಇಟ್ಟವಳು ಲಕ್ಕಮ್ಮ. ಶಾಂತಿಗ್ರಾಮದ ಕಡೆಯಿಂದ ಬಸ್ಸಿಗೆ ಬರುವ, ನಾರು ಬಿಡಿಸುವ ಹೆಂಗಸರಿಗೆಲ್ಲ ಹಿರಿಯಳು. ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡವಳು. ಅದರಲ್ಲೊಂದು ಎಷ್ಟು ದಿನವಾದರೂ ಗಬ್ಬ ನಿಲ್ಲದೆ ಅವಳ ಹೊಟ್ಟೆ ಉರಿಸುತ್ತಿತ್ತು. ಗಣಪನಿಗೆ ಒಂದು ಕಣಗಿಲೆ ಹೂ ಸಿಕ್ಕಿಸಿ ಕೇಳಿಕೊಂಡಳು. ಎಮ್ಮೆ ಗಬ್ಬ ನಿಂತಿತು.

ಅಲ್ಲಿಗೆ ಸಂಪತ್ಕುಮಾರನ ಕೈಯಿಂದ ಬಾಗಿಲು ಜಾರಿತು.

ಗೇಟಿನ ಮಂಚಯ್ಯ ಒಂದು ಗಂಟೆ ತಂದು ಚಿಲಕಕ್ಕೆ ಕಟ್ಟಿದ. ಲಕ್ಕಮ್ಮ ದೀಪದ ಕಂಬ ತಂದಳು. ಬೆಂಕಿ ಆರಿಸಲು ಮರಳು ತುಂಬಿಟ್ಟಿದ್ದ ಕೆಂಪು ಬಕೆಟಿಗೆ ಮಣ್ಣು ಬೆರೆಸಿ ಯಾರೋ ತುಳಸಿ ನೆಟ್ಟರು. ಆಯುಧಪೂಜೆಗೆ ಯಂತ್ರಗಳ ಜೊತೆಗೆ ಬೆಂಕಿ ನಂದಿಸುವ ಸಿಲಿಂಡರಿಗೂ ಗಂಧ ಬಳಿದು ಹಾರ ಹಾಕಿದರು. ಗಂಧ ಅದರ ಮೂತಿಯೊಳಗೂ ಇಳಿದು ಒಣಗಿ ಕಲ್ಲಾಯಿತು. ಹಳದಿ ಗೆರೆ ದಾಟುವವರು ಚಪ್ಪಲಿ ಬಿಡತೊಡಗಿದರು. ಸಪ್ತಾಹ ಹತ್ತಿರವಾಗುವ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಅದಕ್ಕೆ ಎಕ್ಸಿಟ್ ಗಣಪ ಎಂಬ ಹೆಸರು ನಿಂತುಹೋಗಿತ್ತು.

ಒಂದು ದಿನ ಹೊಸಬಳೊಬ್ಬಳು ಮೇಲಿನ ಫಲಕ ನೋಡಿ ಕೇಳಿದಳು. "ಅದ್ಯಾರಕ್ಕ, ಅಸ್ರು ಮನ್ಸ ಓಡೋಯ್ತಾವ್ನೆ?"

"ಶನಿ ಕಣವ್ವ," ಎಂದಳು ಲಕ್ಕಮ್ಮ, ಅನುಮಾನಕ್ಕೆ ಎಡೆಯಿಲ್ಲದ ದನಿಯಲ್ಲಿ. "ಗಣಪ್ಪ ಬಂದ್ ಕೂತ ತಕ್ಷಣ ಎದ್ದ್ಬಿದ್ದ್ ಓಡ್ತಾವ್ನೆ ನೋಡು."

ಪಕ್ಕದಲ್ಲೇ ನಿಂತಿದ್ದ ಸಂಪತ್ಕುಮಾರ ಬಾಯಿ ತೆರೆದ. ಹೆಂಗಸರೆಲ್ಲ ಆ ಹಸಿರು ಶನಿಯನ್ನು ಅದೆಷ್ಟು ಖುಷಿಯಿಂದ ನೋಡುತ್ತಿದ್ದರೆಂದರೆ, ತೆರೆದ ಬಾಯಿಗೆ ಶಿಳ್ಳೆ ಇಟ್ಟುಕೊಂಡು, ಊದದೆ ಹೊರಟುಹೋದ.

ದೀಪದ ಬಗ್ಗೆ ಮಾತ್ರ ಒಂದು ಸಲ ಗಟ್ಟಿ ಮನಸ್ಸು ಮಾಡಿ ಹೇಳಿದ್ದುಂಟು. "ಲಕ್ಕಮ್ಮ, ಇದು ನಾರಿನ ಜಾಗ. ಇಲ್ಲಿ ಬೆಂಕಿ ಹಚ್ಚಬಾರದು."

"ಬೆಂಕಿ ಅಲ್ಲ ಕಣೇಳಿ ಸಾ, ದೀಪ."

"ಬೋರ್ಡ್ ನೋಡು. ಇಲ್ಲಿ ಏನೂ ಇಡಬಾರದು ಅಂತ ಬರೆಸಿಲ್ವ ನಾನು?"

"ನಾವೇನ್ ಇಟ್ಟಿಲ್ವಲ್ಲ ಸಾ," ಎಂದ ಮಂಚಯ್ಯ, ತೆಂಗಿನಕಾಯಿ, ಬಾಳೆಗೊನೆ, ಎರಡು ಮಣೆ, ಒಂದು ಕೊಡಪಾನಗಳ ನಡುವೆ ನಿಂತುಕೊಂಡು. "ದ್ಯಾವ್ರಿಗೆ ಒಪ್ಪಿಸಿರದು."

"ಐನೋರು ತಂದು ಕೂರಿಸಿದ ದ್ಯಾವ್ರು," ಎಂದು ಲಕ್ಕಮ್ಮ ಕೈ ಮುಗಿದಳು. "ಐನೋರೇ ದೀಪ ಬ್ಯಾಡ ಅಂದ್ರೆ ಏಳಿ, ಈಗ್ಲೇ ಆರುಸ್ಬುಡ್ತೀನಿ. ನೀವೇ ಊದ್ಬುಡಿ."

ದೇವರ ಮುಂದಿನ ದೀಪವನ್ನು ಬಾಯಿಂದ ಊದಿ ಆರಿಸುವುದು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದವನಿಂದ ಆಗುವ ಕೆಲಸವಲ್ಲ. ಸಂಪತ್ಕುಮಾರ ಬತ್ತಿಯನ್ನು ಸ್ವಲ್ಪ ಸಣ್ಣ ಮಾಡಿ ಹೋದ.

ಸಪ್ತಾಹ ಬಂತು. ಇನ್ಸ್‌ಪೆಕ್ಟರ್ ಸಂಘಮಿತ್ರಾ ಹಾಸನದಿಂದ ಜೀಪಿನಲ್ಲಿ ಬಂದರು. ಕಡಿಮೆ ಮಾತಿನವರು, ಕೈಯಲ್ಲೊಂದು ರಟ್ಟಿನ ಹಲಗೆ, ಕಾಲಲ್ಲಿ ಗಟ್ಟಿ ಬೂಟು. ಕಚೇರಿಯಲ್ಲಿ ಕೀರ್ತಿರಾಜ್ ಶಾಲನ್ನು ತಟ್ಟೆಯಲ್ಲಿ ಮಡಿಸಿಟ್ಟಿದ್ದರು. ಶರ್ವಾಣಿ ರೇಷ್ಮೆ ಸೀರೆಯಲ್ಲಿ ಬಂದಿದ್ದಳು. ಕೇದಾರ್ ಮಾತಿಗೆ ತಪ್ಪದೆ ಮೊಬೈಲ್ ಹಿಡಿದು ನಿಂತಿದ್ದ.

"ಸುತ್ತಾಡಿ ನೋಡೋದು ಆಮೇಲೆ," ಎಂದರು ಸಂಘಮಿತ್ರಾ. "ಮೊದಲು ಅಣಕು ಕಾರ್ಯಾಚರಣೆ. ಮುಂದುಗಡೆ ಬೆಂಕಿ ಬಿದ್ದಿದೆ, ಶಟರ್ ಮುಚ್ಚಿದೆ. ಎಲ್ರೂ ಹಿಂದಿನ ಬಾಗಿಲಿಂದ ಹೊರಗೆ ಹೋಗ್ಬೇಕು. ಶುರು ಮಾಡಿ."

ಸೈರನ್ ಕೂಗಿತು. ಸಂಪತ್ಕುಮಾರ ಶಿಳ್ಳೆ ಊದಿದ. ಅವನ ಜೀವನದ ಅತ್ಯಂತ ಉದ್ದದ, ಅತ್ಯಂತ ಶುದ್ಧವಾದ ಶಿಳ್ಳೆ ಅದು. ಯಂತ್ರಗಳು ನಿಂತವು. ಹೆಂಗಸರು ಗಂಡಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು, ಹೇಳಿಕೊಟ್ಟ ಹಾಗೆ ತಳ್ಳಾಟವಿಲ್ಲದೆ ಹಿಂದಕ್ಕೆ ಓಡಿದರು. ಸಂಘಮಿತ್ರಾ ತಲೆಯಾಡಿಸಿದ್ದನ್ನು ಕೇದಾರ್ ಕೂಡ ಕಂಡ. "ಪರ್ವಾಗಿಲ್ವೇ ಭಾವ!" ಎಂದ. ಆ ಗಳಿಗೆಯಲ್ಲಿ ಶಾಲು ಹೆಗಲಿನಿಂದ ಒಂದು ಗೇಣು ದೂರದಲ್ಲಿತ್ತು.

ಹಳದಿ ಗೆರೆ ಬಂತು. ಮುಂದಿನವರು ನಿಂತರು. ಹಿಂದಿನವರೂ ನಿಂತರು. ಎಲ್ಲರೂ ಚಪ್ಪಲಿ ಬಿಡತೊಡಗಿದರು.

"ಯಾಕೆ ನಿಂತ್ರು?" ಸಂಘಮಿತ್ರಾ ಕೇಳಿದರು.

"ಹೋಗ್ತಾರೆ ಮೇಡಂ. ಹೋಗಿ! ಹೋಗ್ರೋ! ಬೆಂಕಿ!" ಸಂಪತ್ಕುಮಾರ ಕೂಗಿದ.

ಬೆಂಕಿಯೆಂಬ ಮಾತು ಕಿವಿಗೆ ಬಿದ್ದದ್ದೇ ಲಕ್ಕಮ್ಮ ತಡಮಾಡಲಿಲ್ಲ. ತಟ್ಟೆಗೆ ಒಂದು ಹಿಡಿ ಕರ್ಪೂರ ಸುರಿದು ಹಚ್ಚಿದಳು.

"ಏನಮ್ಮ ಮಾಡ್ತಿದೀಯ?" ಸಂಘಮಿತ್ರಾರ ದನಿ ಮೊದಲ ಸಲ ಏರಿತು.

"ಅಪಾಯ ಬಂದೈತೆ ಅಂತ ನೀವೇ ಅಂದ್ರಲ್ಲವ್ವ," ಎಂದಳು ಲಕ್ಕಮ್ಮ ಮಂಗಳಾರತಿ ಎತ್ತುತ್ತ. "ಅಪಾಯ ಬಂದಾಗ ಇವ್ನಿಗೆ ಏಳ್ದೆ ಇನ್ಯಾರಿಗೆ ಏಳಾನ?"

ಮಂಚಯ್ಯ ಗಂಟೆ ಬಾರಿಸಿದ. ಸೈರನ್ನೂ ಗಂಟೆಯೂ ಸೇರಿ ಒಂದು ಬಗೆಯ ಮೇಳವಾಯಿತು. ಹಿಂದಿನವರು ಆರತಿ ತೆಗೆದುಕೊಳ್ಳಲು ಕೈ ಚಾಚಿದರು. ಬಾಗಿಲನ್ನು ಯಾರೂ ಮುಟ್ಟಲಿಲ್ಲ. ಮುಟ್ಟಿ ತಳ್ಳಿದರೆ ಗಣಪನ ಎದೆಗೇ ಕೈ ಹಾಕಿದ ಹಾಗೆ.

"ಸಂಪತ್ಕುಮಾರ್, ಬಾಗಿಲು ತೆಗೀರಿ!" ಸಂಘಮಿತ್ರಾ ಕೂಗಿದರು.

"ಊಂ ಐನೋರೆ, ನೀವೇ ತಗೀರಿ," ಎಂದು ಲಕ್ಕಮ್ಮ ದಾರಿ ಬಿಟ್ಟಳು. "ನಾವು ಮುಟ್ಟಾಕಿಲ್ಲ."

ಸಂಪತ್ಕುಮಾರ ಜನರ ನಡುವೆ ನುಗ್ಗಿ ಹಳದಿ ಗೆರೆಯವರೆಗೆ ಬಂದ. ಇಲ್ಲಿಯವರೆಗೆ ಎಲ್ಲವೂ ತರಬೇತಿಯಲ್ಲಿ ಹೇಳಿದಂತೆಯೇ ಇತ್ತು. ಗೆರೆಯ ಬಳಿ ಅವನ ಸೊಂಟ ತಾನಾಗಿ ಬಾಗಿತು. ಕೈಗಳು ತಾವಾಗಿ ಬೂಟಿನ ಲೇಸಿಗೆ ಹೋದವು. ಗಡಿಬಿಡಿಯಲ್ಲಿ ಎಳೆದದ್ದಕ್ಕೆ ಲೇಸು ಗಂಟಾಯಿತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಚ್ಚಿ ಗಂಟು ಬಿಡಿಸತೊಡಗಿದ.

"ಅಲ್ಲೇನ್ರೀ ಮಾಡ್ತಿದೀರಾ?"

"ಶೂ ಬಿಚ್ತಿದೀನಿ ಮೇಡಂ."

"ಯಾಕ್ರೀ?"

ಉತ್ತರಕ್ಕೆ ಬದಲು ಒಂದು ಬೂಟು ಕಳಚಿತು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿ, ಕೇದಾರನ ಮೊಬೈಲನ್ನು ನೇರವಾಗಿ ನೋಡಿತು.

ಯಾರದೋ ಮೊಣಕೈ ತಗುಲಿ ಆರತಿ ತಟ್ಟೆ ಬಿತ್ತು. ಕರ್ಪೂರ ಉರುಳಿ ನಾರಿನ ಚೂರುಗಳ ಮೇಲೆ ನಿಂತಿತು. ಭುಗ್ಗೆಂದಿತು.

"ಅಬ್ಬಬ್ಬ! ಬೆಂಕಿನೂ ಹಚ್ಚವ್ರೆ! ಎಷ್ಟ್ ನಿಜ್ವಾಗಿ ಮಾಡವ್ರೆ ನೋಡು!" ಎಂದು ಹಿಂದಿನಿಂದ ಒಬ್ಬಳು ಮೆಚ್ಚಿ ಚಪ್ಪಾಳೆ ತಟ್ಟಿದಳು.

ಮಂಚಯ್ಯ ಓಡಿಹೋಗಿ ಸಿಲಿಂಡರ್ ತಂದು, ಹಾರ ತೆಗೆದು ಪಕ್ಕಕ್ಕಿಟ್ಟು, ಕಣ್ಣಿಗೊತ್ತಿಕೊಂಡು ಒತ್ತಿದ. ಮೂತಿಯಿಂದ ಗಂಧದ ಪರಿಮಳ ಬಂತು. ಬೇರೇನೂ ಬರಲಿಲ್ಲ. ಸಂಪತ್ಕುಮಾರ ಒಂಟಿ ಬೂಟಿನಲ್ಲಿ ಕುಂಟುತ್ತ ತನ್ನ ಜಾಕೀಟನ್ನೇ ಬಿಚ್ಚಿ ಬೆಂಕಿಗೆ ಬಡಿದ. ಜಾಕೀಟು ಹತ್ತಿಕೊಂಡಿತು. ಆಗ ಸಂಘಮಿತ್ರಾ ಹಲಗೆ ಕೆಳಗಿಟ್ಟರು. ಹಳದಿ ಗೆರೆ ದಾಟಿ, ಬೂಟುಗಾಲಿನಿಂದ ಬಾಗಿಲ ಕೆಳಭಾಗಕ್ಕೆ ಒಂದು ಒದೆ ಕೊಟ್ಟರು. ಬಾಗಿಲು ಕಿರುಗುಟ್ಟುತ್ತ ಪೂರ್ತಿ ತೆರೆಯಿತು. ಗಂಟೆ ಢಣ್ಣೆಂದಿತು. ಗಣಪ ಎಲ್ಲರಿಗಿಂತ ಮೊದಲು ಹೊರಗೆ ಹೋದ. ದೇವರೇ ಹೋದ ಮೇಲೆ ಇನ್ನೇನೆಂದು ಜನವೂ ಅವನ ಹಿಂದೆ ಬರಿಗಾಲಲ್ಲಿ ನುಗ್ಗಿದರು. ಲಕ್ಕಮ್ಮ ತುಳಸಿಯನ್ನು ಬೇರುಸಮೇತ ಕಿತ್ತು ಸೆರಗಿನಲ್ಲಿಟ್ಟುಕೊಂಡು, ಬಕೆಟಿನ ಮಣ್ಣು ಮರಳನ್ನು ಬೆಂಕಿಯ ಮೇಲೆ ಸುರಿದಳು. ಉಸ್ಸೆಂದು ಹೊಗೆ ಎದ್ದು ಆರಿತು.

ಸುಟ್ಟದ್ದು ಮೊರದಗಲದ ನಾರು, ಒಂದು ಜಾಕೀಟು. ಕಚೇರಿಯಲ್ಲಿ ಶಾಲು ಮಡಿಕೆ ಬಿಚ್ಚದೆ ಉಳಿಯಿತು.

ಸಂಘಮಿತ್ರಾ ಹೊರಗೆ ಬಂದು, ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ತೂತುಚೀಲ ಹಾಕಿಕೊಂಡು ನಿಂತವನನ್ನು ತಲೆಯಿಂದ ಹೆಬ್ಬೆರಳಿನವರೆಗೆ ನೋಡಿದರು.

"ಬಾಗಿಲಿಗೆ ದೇವರನ್ನ ಅಂಟಿಸಿದ್ದು ಯಾರು?"

ಮಂಚಯ್ಯ ಗೇಟಿನ ಕಡೆ ನೋಡಿದ. ಕೀರ್ತಿರಾಜ್ ಆಕಾಶ ನೋಡಿದರು. ಕೇದಾರ್ ಮೊಬೈಲನ್ನು ಭಾವನ ಮುಖಕ್ಕೆ ಹತ್ತಿರ ತಂದ.

"ನಾನೇ ಮೇಡಂ. ಉಗೀತಿದ್ರು," ಎಂದ ಸಂಪತ್ಕುಮಾರ.

ಆಕೆ ತೆರೆದ ಬಾಗಿಲಿನಿಂದ ಒಳಗೆ, ಗೆರೆಯ ಬಳಿ ಉಳಿದಿದ್ದ ಚಪ್ಪಲಿಗಳ ಕಡೆ ನೋಡಿದರು. "ನಿಜವಾದ ಬೆಂಕಿ ಆಗಿದ್ರೆ ಇವತ್ತು ಈ ಚಪ್ಪಲಿಗಳನ್ನೆಲ್ಲ ನಾವು ಎಣಿಸ್ತಾ ಕೂತಿರ್ತಿದ್ವಿ," ಎಂದರು ದನಿ ಏರಿಸದೆ. ಬೈದಿದ್ದರೆ ಚೆನ್ನಾಗಿತ್ತು. "ಹದಿನೈದು ದಿನ ಬಿಟ್ಟು ಮತ್ತೆ ಬರ್ತೀನಿ. ಬಾಗಿಲ ಹತ್ರ ಬಾಗಿಲು ಬಿಟ್ಟು ಇನ್ನೇನೂ ಇರಬಾರದು. ಆ ಸಿಲಿಂಡರ್ ಬದಲಾಯಿಸಿ. ಬಾಗಿಲಿಗೆ ಎಣ್ಣೆ ಬಿಡಿ, ತಾನಾಗೇ ಮುಚ್ಚಿಕೊಳ್ಳೋ ಸ್ಪ್ರಿಂಗ್ ಹಾಕಿಸಿ. ಮತ್ತೆ ನೀವು, ಆ ಬಾಗಿಲನ್ನ ಕಾಲಲ್ಲಿ ಒದ್ದು ತೆಗೆಯೋದು ಕಲೀರಿ. ಕೈ ಆದ್ರೆ ಮುಗಿದುಬಿಡುತ್ತೆ."

ಸಂಪತ್ಕುಮಾರ ಮನೆ ಸೇರುವ ಮೊದಲೇ ಅವನ ಹೆಬ್ಬೆರಳು ಸೇರಿತ್ತು. ಹಾಸನದ ದೊಡ್ಡಪ್ಪ, ಅರಕಲಗೂಡಿನ ಚಿಕ್ಕಮ್ಮ, ಗೃಹಪ್ರವೇಶದ ಪುರೋಹಿತರು, ಎಲ್ಲರೂ ಕೇದಾರನ ವಿಡಿಯೋ ನೋಡಿಯಾಗಿತ್ತು. ಎರಡು ಸಲ ಉಪ್ಪು ಹಾಕಿದ ಅಡುಗೆಯವನು ಒಂದು ಹೂವಿನ ಚಿತ್ರ ಕಳಿಸಿದ್ದ. ಶರ್ವಾಣಿ ರೇಷ್ಮೆ ಸೀರೆ ಬಿಚ್ಚಿ ಮಡಿಸುತ್ತ ಒಂದೇ ಮಾತು ಕೇಳಿದಳು.

"ಆ ಕಾಲುಚೀಲಾನೇ ಹಾಕ್ಕೊಂಡು ಹೋಗಬೇಕಾಗಿತ್ತೇನ್ರೀ?"

ಗಣಪನನ್ನು ಬಾಗಿಲಿನಿಂದ ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಸಂಪತ್ಕುಮಾರ ಮಿಂದು ಮಡಿಯುಟ್ಟು, ಬರಿಗಾಲಲ್ಲಿ, ಉಳಿ ಹಿಡಿದು, ಸುತ್ತ ನಿಂತ ಹೆಂಗಸರ ನಿಟ್ಟುಸಿರಿನ ನಡುವೆ ಬಿಡಿಸಿದ. ಟೈಲ್ಸು ಮುಕ್ಕಾಗದೆ ಬಂತು. "ಅವ್ನೂ ಬಚಾವಾದ ಬುಡಿ," ಎಂದಳು ಲಕ್ಕಮ್ಮ. ಗೇಟಿನ ಬಳಿ, ಬಯಲಿನಲ್ಲಿ, ಮಂಚಯ್ಯ ಒಂದು ಗೂಡು ಕಟ್ಟಿದ. ದೀಪ, ಗಂಟೆ, ತುಳಸಿ ಎಲ್ಲ ಅಲ್ಲಿಗೆ ಹೋದವು. ಬಾಗಿಲ ಮಧ್ಯೆ ಟೈಲ್ಸಿದ್ದ ಕಡೆ, ಹೊಗೆ ಧೂಳು ಸೋಕದ ಒಂದು ಚೌಕ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ಹಳದಿ ಗೆರೆಯೊಳಗೆ ಎರಡು ನಾರಿನ ಕಟ್ಟು, ಒಂದು ಕೆಂಪು ಉಗುಳು.

ಸಂಪತ್ಕುಮಾರ ಶಿಳ್ಳೆ ಊದಲಿಲ್ಲ. ಕಟ್ಟು ತಾನೇ ಹೊತ್ತ, ನೆಲ ತಾನೇ ತೊಳೆದ. ಸ್ಟೋರಿನಿಂದ ಒಂದು ಕುರ್ಚಿ ತಂದು ಬಾಗಿಲ ಪಕ್ಕದಲ್ಲಿ ಹಾಕಿಕೊಂಡು ಕೂತ. ದಿನವಿಡೀ ಕೂತ. ಕಟ್ಟು ಹೊತ್ತು ಬಂದವರು ಅವನ ಮುಖ ನೋಡಿ ಬೇರೆ ಕಡೆ ಹೋದರು. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಬಂದವನೊಬ್ಬ ಇವನನ್ನು ನೋಡಿ, ಉಗಿಯಲೂ ಆಗದೆ ಮಾತಾಡಲೂ ಆಗದೆ ನುಂಗಿಕೊಂಡ.

"ಗಣಪ್ಪನ್ ಜಾಗ್ದಲ್ಲಿ ಐನೋರು ಕೂತವ್ರೆ," ಎಂದು ಹೆಂಗಸರು ಮಾತಾಡಿಕೊಂಡರು. "ಒಟ್ಟೆನೂ ಐತೆ."

ಜನ ಮನೆಗೆ ಹೋದ ಮೇಲೆ ಅವನು ಒದೆಯುವುದನ್ನು ಅಭ್ಯಾಸ ಮಾಡುತ್ತಿದ್ದ.

ಹೇಳಿದ ದಿನ ಸಂಘಮಿತ್ರಾ ಬಂದರು. ಕೇದಾರನನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದಿದ್ದ. ಸೈರನ್ ಕೂಗಿತು. ಜನ ಓಡಿ ಬಂದರು. ಸಂಪತ್ಕುಮಾರ ಎಲ್ಲರಿಗಿಂತ ಮುಂದೆ ಓಡಿ, ಗೆರೆ ದಾಟಿ, ಕಣ್ಣು ಮುಚ್ಚಿ ಬೂಟುಗಾಲಲ್ಲಿ ಒದ್ದ. ಬಾಗಿಲು ಹಾರಿ ತೆರೆಯಿತು. ಅವನು ಅದನ್ನು ಬೆನ್ನಿನಿಂದ ತಡೆದು ಹಿಡಿದು ನಿಂತ. ಲಕ್ಕಮ್ಮ ಮೊದಲಾಗಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ, ಒಬ್ಬರ ಹಿಂದೊಬ್ಬರು ಬಯಲಿಗೆ ಹೋದರು. ನಿಂತವರಿಲ್ಲ, ಬಾಗಿದವರಿಲ್ಲ. ಕೊನೆಗೆ ಹೋಗಬೇಕಾದವನು ಸೇಫ್ಟಿ ಆಫೀಸರ್. ಅದು ತರಬೇತಿಯ ಮೊದಲ ಪಾಠ.

ಒಳಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಸಂಪತ್ಕುಮಾರ ಬಾಗಿಲ ಕಡೆ ತಿರುಗಿದ. ಆ ಹೊಳೆಯುವ ಚೌಕ ಕಣ್ಣೆದುರಿಗೆ ಬಂತು. ಅತ್ತ ಇತ್ತ ನೋಡಿದ. ಯಾರೂ ನೋಡುತ್ತಿರಲಿಲ್ಲ. ಕಾಲು ತಾಗಿದ ತಪ್ಪಿಗೆ ಬೆರಳುಗಳಿಂದ ಚೌಕವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡ. ಒತ್ತಿಕೊಳ್ಳಲು ಕಣ್ಣು ಮುಚ್ಚಬೇಕಾಯಿತು. ಎರಡೂ ಕೈ ಬೇಕಾಯಿತು. ಬಾಗಿಲನ್ನು ಹಿಡಿದಿದ್ದವರು ಯಾರೂ ಉಳಿಯಲಿಲ್ಲ.

ಹೊಸ ಸ್ಪ್ರಿಂಗು ತನ್ನ ಕೆಲಸ ಮಾಡಿತು. ಬಾಗಿಲು ಅವನನ್ನು ಒಳಕ್ಕೆ ತಳ್ಳಿ ಮುಚ್ಚಿಕೊಂಡಿತು.

ಹೊರಗೆ ತಲೆ ಎಣಿಸಿದರು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದರು.

"ಐನೋರು ಒಳ್ಗೇ ಅವ್ರೆ!" ಲಕ್ಕಮ್ಮ ಬಾಗಿಲು ಬಡಿದಳು. "ಸಾ! ಬೆಂದೋಯ್ತೀರ, ಆಚ್ಗೆ ಬನ್ನಿ ಸಾ!"

ಬಾಗಿಲು ತೆರೆದಾಗ ಸಂಪತ್ಕುಮಾರ ಇನ್ನೂ ಕಣ್ಣ ಮೇಲೆ ಬೆರಳಿಟ್ಟುಕೊಂಡಿದ್ದ. ಕೇದಾರ್ ಮೊಬೈಲ್ ಎತ್ತಿದವನು, ಅದೇನಾಯಿತೋ, ಕೆಳಗಿಳಿಸಿದ. ಸಂಘಮಿತ್ರಾ ಸಂಪತ್ಕುಮಾರನ ಮುಖ ನೋಡಿದರು, ಬೂಟು ನೋಡಿದರು, ಹಲಗೆಯ ಮೇಲೆ ಬಗ್ಗಿ ಬರೆದರು. ಒಂದು ಪ್ರತಿಯನ್ನು ಹರಿದು ಅವನ ಕೈಗೆ ಕೊಟ್ಟರು.

ರಾತ್ರಿ ಊಟವಾದ ಮೇಲೆ ಶರ್ವಾಣಿ ಅದನ್ನು ದೀಪದ ಹತ್ತಿರ ಹಿಡಿದು ಓದಿದಳು. ಬಾಗಿಲು ಸರಿಯಿದೆ. ದಾರಿ ತೆರವಾಗಿದೆ. ಕಾರ್ಮಿಕರೆಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದಾರೆ. ಅಣಕು ಕಾರ್ಯಾಚರಣೆಯಲ್ಲಿ ಮೃತಪಟ್ಟವರು: ಒಬ್ಬರು. ಶ್ರೀ ಸಂಪತ್ಕುಮಾರ್, ಸೇಫ್ಟಿ ಆಫೀಸರ್.

ಸಂಪತ್ಕುಮಾರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಏನ್ರೀ," ಎಂದಳು ಶರ್ವಾಣಿ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ, "ಹುದ್ದೆ ಸರಿಯಾಗೇ ಬರ್ದಿದಾರಲ್ರೀ."